ಬಲಮುರಿ

ಝುಝುನಾಳ ಬಲಗೈ ಹೋದದ್ದು ದ್ರಾಕ್ಷಿ ತುಳಿಯುವ ವಾರ.
ಹೋದದ್ದು ಅಂದರೆ, ಇದೆ.
ಬೇರೆ ಯಾರದ್ದೋ ಕೂಸಿನ ಹಾಗೆ ಮಡಿಲಲ್ಲಿ ಮಲಗಿದೆ.
ಎಂಟು ತಿಂಗಳಾಗಿ, ಹಿಪ್ಪುನೇರಳೆ ಹಣ್ಣು ಉದುರುವ ಹೊತ್ತಿಗೆ
ನನ್ನ ಅಂಗಡಿಗೆ ಬಂದು ಎಡಗೈಯಲ್ಲಿ ಮೇಜು ಕುಟ್ಟಿದಳು:
"ಅಂಬ್ರೋಸಿ, ತಿಗರಿ ಉಲ್ಟಾ ತಿರುಗಬೇಕು. ನನಗೆ ಮಾತ್ರ.
ಸಂಜೆ ಕೂರುವ ಸೊಸೆಗೆ ಮೊದಲಿನ ಹಾಗೇ ಇರಲಿ."

ಇಮೆರೆತಿಯ ಈ ಹೆದ್ದಾರಿಯ ಬದಿಗೆ
ಟ್ರಕ್ಕುಗಳ ಹೊಗೆ ಕುಡಿಯುತ್ತ ನಿಂತ ಕೆಂಪು ಮಡಕೆಗಳಲ್ಲಿ
ಅರ್ಧ ಅವಳವು.
ಯಾವುದರೊಳಗೆ ಬೇಕಾದರೂ ಕೈಬಿಡಿ,
ತಳದಲ್ಲಿ ಅವಳ ಬೆರಳ ಸುರುಳಿ ಸಿಗುತ್ತದೆ,
ಎಲ್ಲವೂ ಎಡಮುರಿ.

ಮೋಟಾರು, ಮುಚ್ಚಿಹೋದ ಚಹಾ ಕಾರ್ಖಾನೆಯ ಪಂಪಿನದು.
ಅವಳ ಗಂಡ ತಂದಿದ್ದ. ಹೇಗೆ ತಂದೆ ಎಂದು
ಆ ವರ್ಷಗಳಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.
ಮುಚ್ಚಳ ಬಿಚ್ಚಿದೆ: ಒಣಮಣ್ಣು, ಒಂದು ಜೇಡ, ನಾಲ್ಕು ತಂತಿ.
ಎರಡು, ದಿನವಿಡೀ ದುಡಿಯುವ ದೊಡ್ಡ ಸುರುಳಿಯವು.
ಎರಡು ಸಣ್ಣದರವು. ಅದಕ್ಕೆ ಒಂದೇ ಕೆಲಸ,
ಹೊರಡುವ ಗಳಿಗೆಯಲ್ಲಿ ಈ ಕಡೆ ಎಂದು ನೂಕಿ
ಟಕ್ಕೆಂದು ಕಳಚಿಕೊಳ್ಳುವುದು.

ದೊಡ್ಡದರ ತಂಟೆಗೆ ಹೋಗಲಿಲ್ಲ.
ಸಣ್ಣದರ ಎರಡು ತುದಿ ಎಳೆದು ತಂದು
ಆರು ಕಾಲಿನ ಸ್ವಿಚ್ಚಿನ ನಡುಗಾಲುಗಳಿಗೆ ಬಿಗಿದೆ.
ಮೇಲಿನ ಜೋಡಿಗೆ ಕರೆಂಟು.
ಅಲ್ಲಿಂದ ಕೆಳಗಿನ ಜೋಡಿಗೆ ಎರಡು ತುಂಡು ತಂತಿ
ಕತ್ತರಿ ಹಾಕಿದ ಹಾಗೆ:
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.
ಅಷ್ಟೇ. ಅಷ್ಟಕ್ಕೆ ಒಂದು ಮಧ್ಯಾಹ್ನ ಹಿಡಿಯಿತು.

ಅವಳು ಬಲಗೈಯನ್ನು ಎತ್ತಿ
ಮಣ್ಣಿನ ಪಕ್ಕ ಆನಿಕೆಗೆ ಇಟ್ಟಳು, ಕಲ್ಲಿಟ್ಟ ಹಾಗೆ.
ಎಡಗೈ ಒತ್ತಿತು. ಬಟ್ಟಲು ಏಳತೊಡಗಿತು.
ಆಗಲೇ ನೆನಪಾದದ್ದು, ತಿರುಪು!
ಮೂವತ್ತು ವರ್ಷ ಒಂದೇ ದಿಕ್ಕಿಗೆ ಬಿಗಿಯುತ್ತ ಬಂದದ್ದು,
ಮೇಲಾಗಿ ನಾನೇ ತುಕ್ಕು ಕೆರೆದು ಎಣ್ಣೆ ಬಿಟ್ಟಿದ್ದೆ, ಪೆದ್ದ.
ತಟ್ಟೆ ಕಳಚಿ, ಅರ್ಧ ಎದ್ದ ಬಟ್ಟಲಿನ ಸಮೇತ
ಬಾಗಿಲವರೆಗೆ ಉರುಳಿತು.
ನಾಯಿ ಬೊಗಳುವುದನ್ನೂ ಮರೆತು ನೋಡಿತು.
ಝುಝುನಾ ಅರ್ಧ ಮುಖದಲ್ಲಿ ನಕ್ಕಳು,
ಆ ಅರ್ಧವೇ ಮನೆ ತುಂಬುವಷ್ಟು.

ಮರುದಿನ ಅಡ್ಡಕ್ಕೆ ತೂತು ಕೊರೆದು ಮೊಳೆ ಬಡಿದೆ.
ಹೊರಡುವಾಗ ಹೇಳಿದೆ:
ಓಡುತ್ತಿರುವಾಗ ಸ್ವಿಚ್ಚು ತಿರುವಬೇಡ,
ಅದು ಕೇಳುವುದಿಲ್ಲ,
ನೀನು ಇಲ್ಲವೇ ಇಲ್ಲ ಎಂಬಂತೆ ಹಳೇ ದಿಕ್ಕಿಗೇ ಓಡುತ್ತದೆ.
ಆರಿಸು. ನಿಲ್ಲಲಿ, ಪೂರ್ತಿ ನಿಲ್ಲಲಿ.
ಒಳಗೆ ಇನ್ನೊಮ್ಮೆ ಟಕ್ ಅನ್ನುತ್ತೆ. ಆಮೇಲೆ ತಿರುವು.
"ಎಷ್ಟು ಹೊತ್ತು?"
ಹತ್ತು ಎಣಿಸುವಷ್ಟು.
"ಹತ್ತೇ?" ಅಂದಳು, ಮತ್ತೆ ಕೇಳಿದಳು,
"ಹತ್ತೇ ಏನು?"

ಈಗ ಅಲ್ಲಿ ಎರಡು ಜಾತಿಯ ಮಡಕೆ.
ಬೆಳಗಿನವು ಬಲಮುರಿ, ಸಂಜೆ ನಾನೂಲಿಯವು ಎಡಮುರಿ.
ಕೊಳ್ಳುವವರು ತಟ್ಟಿ ಸದ್ದು ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ,
ಒಳಗೆ ಕೈಬಿಟ್ಟು ನೋಡಿದವರಿಲ್ಲ.

ಕೂಲಿಗೆಂದು ಮೊದಲ ಬಲಮುರಿ ಬಟ್ಟಲು ಕೊಟ್ಟಳು,
ಆ ಉರುಳಿದ್ದನ್ನೇ, ಸುಟ್ಟು.
ಒಂದು ಮಗ್ಗುಲು ನಾಯಿಯ ಕಡೆಗೆ ವಾಲಿದೆ.
ಅದರಲ್ಲಿ ಸ್ಕ್ರೂ, ನಟ್ಟು, ವಾಷರು ಹಾಕಿಟ್ಟಿದ್ದೇನೆ.
ಬೇಕಾದ ವಾಷರು ಯಾವತ್ತೂ ತಳದಲ್ಲೇ ಇರುತ್ತದೆ.
ಹುಡುಕುವಾಗ ಬೆರಳಿಗೆ ಆ ಗೆರೆ ತಗಲುತ್ತದೆ,
ತಗಲಿದ್ದೇ ತಡ ಜೊತೆಗೆ ಸುತ್ತಿ ಸುತ್ತಿ ಮೇಲೆ ಬರುತ್ತದೆ,
ವಾಷರು ಮಾತ್ರ ಅಲ್ಲೇ ಉಳಿಯುತ್ತದೆ.