ಕಲ್ಲು ಬಿಡಿಸುವುದು

ಗಿಲ್ಬರ್ಟ್ ಕುಟಿನ್ಹೊ ಊರಿಗೆ ಹೊರಟಾಗ
ಮಂಚ ಬಂಗಾಳಿಗೆ, ಟಿವಿ ನೇಪಾಳಿಗೆ,
ಗಿಣಿಯ ಪಂಜರ ಕೆಳಮನೆಯ ಹುಡುಗನಿಗೆ.
ನನಗೆ ಈ ಹಂಡೆ.
ನಲವತ್ತು ಲೀಟರಿನದು, ತಳದಲ್ಲೊಂದು ನಲ್ಲಿ,
ಮತ್ತೆ ಒಂದು ಮಾತು:
‘ಕ್ರಿಸ್ಮಸ್ಸಿಗೆ ಆರು ವಾರ ಮೊದಲೇ ಶುರುಮಾಡು.’

ಒಳಗೆ ಕೈಯಾಡಿಸಿದೆ.
ಬೆರಳಿಗೆ ಸಿಕ್ಕಿದ್ದು ಉಕ್ಕಲ್ಲ,
ಬೆಕ್ಕಿನ ನಾಲಿಗೆ.
ಹನ್ನೊಂದು ವರ್ಷದ ಬಾರ್ಲಿ,
ಹನ್ನೊಂದು ವರ್ಷದ ಗುದೈಬಿಯಾದ ನಲ್ಲಿನೀರು
ಪದರದ ಮೇಲೆ ಪದರ ಕೂತು
ಕಂದು ಬಣ್ಣದ ಕಲ್ಲಾಗಿತ್ತು.

ಐರಿನ್ ಅಂದಳು, ಬಿಸಾಡಿ,
ಹನ್ನೆರಡು ದಿನಾರಿಗೆ ಹೊಸತೇ ಬರುತ್ತದೆ.
ನಾನಂದೆ, ನನ್ನ ಅನ್ನವೇ ಇದಲ್ಲವೇ.

ನಿಜ. ಹಿದ್ದ್‌ನಲ್ಲಿ ನಾವು ಸಮುದ್ರ ಕಾಯಿಸುವವರು.
ನೀರು ಹಗುರಾಗಿ ಮೇಲೇಳುತ್ತದೆ,
ಏಳಲಾರದ್ದು ಕೊಳವೆಯ ಒಳಮೈ ಕಚ್ಚುತ್ತದೆ.
ವರ್ಷಕ್ಕೊಮ್ಮೆ ಯಂತ್ರ ನಿಲ್ಲಿಸಿ, ಮೂಗು ಬಾಯಿ ಕಟ್ಟಿ,
ಆಮ್ಲ ಹರಿಸಿ, ಹದಿನಾಲ್ಕು ಮಂದಿ ಸೇರಿ
ಆ ರಾಕ್ಷಸನಿಗೆ ಹಲ್ಲುಜ್ಜಿಸುತ್ತೇವೆ.
ಟನ್ನುಗಟ್ಟಲೆ ಸುಣ್ಣ ಕರಗಿಸಿದವನು
ಒಂದು ಹಂಡೆಗೆ ಸೋಲುವುದೇ?

ಸೋತೆ.
ಮೊದಲ ರಾತ್ರಿ ವಿನೆಗರ್. ಮನೆಯಿಡೀ ಉಪ್ಪಿನಕಾಯಿ ಭರಣಿ.
ಎದುರು ಬಾಗಿಲಿನ ಫಿಲಿಪಿನೋ ನರ್ಸು ಬಂದು
ನಮ್ಮೂರ ಅಡುಗೆಯೇ ಎಂದು ಆಸೆಯಿಂದ ಇಣುಕಿ ಹೋದಳು.
ಎರಡನೆಯ ರಾತ್ರಿ ಒಮಾನಿನ ಒಣನಿಂಬೆ.
ಮೂರನೆಯದು ಹುಣಸೆ. ಹಿತ್ತಾಳೆಯಾದರೆ ಹೊಳೆಯುತ್ತಿತ್ತು,
ಇದು ಹಾಗೇ ಕೂತಿತು, ಬಾಡಿಗೆ ಕೊಡದವನ ಹಾಗೆ.
ಉಕ್ಕಿನ ಜುಂಗು ಮುಟ್ಟುವಂತಿಲ್ಲ:
ಇವತ್ತಿನ ಗೀರು ನಾಳಿನ ಕಲ್ಲಿಗೆ ತೊಟ್ಟಿಲು.

ಒಂದು ಚೂರು ಟಿಶ್ಯೂವಿನಲ್ಲಿ ಸುತ್ತಿ
ಲ್ಯಾಬಿನ ನಾದರ್‌ಗೆ ಕೊಟ್ಟೆ.
ಗಾಜಿನ ಕೆಳಗಿಟ್ಟು ನೋಡಿದ. ನಕ್ಕ.
‘ಇದು ನಮ್ಮ ಸಮುದ್ರದ್ದಲ್ಲ, ಬಾರ್ಲಿಯದು. ಆಕ್ಸಲೇಟ್.
ನಿನ್ನ ಕಿಡ್ನಿಯೊಳಗಿದ್ದದ್ದೂ ಇದೇ ಜಾತಿ.’

ಆ ಜುಲೈ. ನೀರು ಕುಡಿಯಲು ಬಿಡುವಿಲ್ಲದ ಪಾಳಿ.
ಸೊಂಟ ಹಿಡಿದು ಕಂಪನಿ ಬಸ್ಸಿನ ನೆಲದ ಮೇಲೆ
ನಾನು ಹೊರಳಿದ್ದು, ಡ್ರೈವರು ದಾರಿಯಿಡೀ ಅತ್ತದ್ದು.
ಆಮೇಲೆ ಹುರುಳಿಯ ನೀರು. ಆಮೇಲೆ
ವಿಮಾನದಲ್ಲಿ ಬಂದಿಳಿದ ಬಾಳೆದಿಂಡಿನ ರಸ,
ಕಿಲೋಗೆ ಒಂದೂವರೆ ದಿನಾರು.
ಆಮೇಲೆ ಬಾರ್ಲಿ ನೀರು. ಹೌದು, ಬಾರ್ಲಿಯೇ.
ಹದಿನಾರನೆಯ ದಿನ ಉದುರಿದ್ದು ಎಳ್ಳಿನಷ್ಟು.
ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ ಇನ್ನೂ,
ಯಾಕೆಂದು ಕೇಳಬೇಡಿ.

ನಾದರ್ ಹೇಳಿದ ಮದ್ದು:
ಮೊದಲು ಸೋಡಾ, ಆಮೇಲೆ ಹುಳಿ, ನಡುವೆ ಚೆನ್ನಾಗಿ ತೊಳೆ.
ಒಟ್ಟಿಗೆ ಸುರಿದರೆ ಒಂದನ್ನೊಂದು ತಿಂದು ಮುಗಿಸುತ್ತವೆ,
ಕಲ್ಲು ನೋಡುತ್ತಾ ಕೂರುತ್ತದೆ.

ಬಟ್ಟೆಸೋಡಾ, ಕುದಿನೀರು. ಕಾದೆವು.
ಬಿಸಾಡಿ ಅಂದವಳೂ ಮಣೆ ಎಳೆದು ಪಕ್ಕದಲ್ಲೇ ಕೂತಳು.
ಬೆಳಗಿನ ಬಾಂಗಿನ ಹೊತ್ತಿಗೆ ನೀರು ಚಹಾದ ಬಣ್ಣ.
ಚೆಲ್ಲಿ, ತೊಳೆದು, ನಿಂಬೆಹುಳಿಯ ಪುಡಿ ಹಾಕಿದೆ.
ಗಂಟೆ ಕಳೆದು, ಟಕ್.
ಮೊಟ್ಟೆಯ ಚಿಪ್ಪಿನಂಥ ಒಂದು ಹಾಳೆ ಎದ್ದು ತೇಲಿತು.
ಮತ್ತೊಂದು.
ಇಬ್ಬರೂ ಮಾತಾಡಲಿಲ್ಲ.

ಉಕ್ಕು ಕಂಡಿತು. ಉಕ್ಕಿನ ಮೇಲೆ ಅಳತೆಯ ಗೆರೆಗಳು,
ಇಪ್ಪತ್ತೈದರ ಗೆರೆಯ ಪಕ್ಕ
ಮೊಳೆಯಲ್ಲಿ ಕೆತ್ತಿದ ಕನ್ನಡ, ಓರೆಯಾಗಿ:
ಸಾಕು.

ಗಿಲ್ಬರ್ಟನಿಗೆ ಫೋನು ಹಚ್ಚಿದೆ.
‘ನಾನಲ್ಲ ಮಾರಾಯ. ನನಗೂ ಅದು ಸಿಕ್ಕಿದ್ದು ಹಳತೇ.
ಯಾರೋ ಬೈಂದೂರಿನವರು ಬಿಟ್ಟುಹೋದದ್ದು.
ಹೆಸರು...’
ಹೆಸರು ಅವನಿಗೆ ಬರಲಿಲ್ಲ.

‘ಒರೆಸಿಡಿ,’ ಅಂದಳು ಐರಿನ್,
‘ಒಂದು ಹನಿಯೂ ನಿಲ್ಲಬಾರದು ಅದರಲ್ಲಿ.’
ನನ್ನ ಕೈಗೆ ಮಾತ್ರ ತುಂಬಿದ ಲೋಟ ಕೊಟ್ಟು
ಖಾಲಿಯಾಗುವವರೆಗೆ
ನೋಡುತ್ತಾ ನಿಂತಳು.