ಐದು ಮಿಲಿಮೀಟರ್

ಇನಾಸನ ಅಂಗಡಿಯಲ್ಲಿ ಏಸುವಿಗೂ ಸಾಯಿಬಾಬನಿಗೂ
ಒಂದೇ ಗಾಜು, ಚದರಡಿಗೆ ಒಂದೇ ದರ.
ಹಿಂದಿನ ಮೂಲೆಯಲ್ಲಿ ಧೂಳು ಹೊದ್ದು ಮೂರು ಚಿಕ್ಕ ತೊಟ್ಟಿ:
ಒಂದು, ಯಾರೋ ಹೇಳಿ ಮಾಡಿಸಿ ಒಯ್ಯದೆ ಬಿಟ್ಟದ್ದು,
ಒಂದರಲ್ಲಿ ಗೋಣಿಚೂರು, ಅದರ ಮೇಲೆ ಈದ ಬೆಕ್ಕು,
ಒಂದು ಬರಿದೇ.

"ಯಾವ್ದಾದ್ರೂ ಒಯ್ಯಿ ಮಾರಾಯಾ" ಅಂದ.
ಯಾವುದಾದರೂ ಆಗುವುದಿಲ್ಲ.
ಬೆಂಕಿಯಲ್ಲಿ ಹದಮಾಡಿದ ಗಾಜು
ಕಲ್ಲೆಸೆದರೆ ತಡೆದೀತು,
ಬೈರಿಗೆ ತಾಗಿತೋ, ಒಂದೇ ಉಸಿರಿಗೆ ಸಕ್ಕರೆ.

ತಾಂಡೇಲ ಭಾವನ ಕಪ್ಪು ಕನ್ನಡಕ ಕೇಳಿ ತಂದಿದ್ದೆ,
ನೀರ ಮೇಲಿನ ಹೊಳಪು ಕೊಯ್ದು
ಮೀನಿನ ಬೆನ್ನು ತೋರಿಸುವಂಥದ್ದು.
ಹಿಂದೆ ಫೋನು ಬೆಳಗಿಸಿ, ಕನ್ನಡಕ ಓರೆ ಮಾಡಿದರೆ
ಮೊದಲನೆಯದರ ಮೈಯಲ್ಲಿ ಹುಲಿಪಟ್ಟೆ.
ಎರಡನೆಯದು ಬೆಕ್ಕಿನದು.
ಮೂರನೆಯದಕ್ಕೆ ನಾಲ್ಕು ಕಡೆಯೂ ಒಂದೇ ಕತ್ತಲು,
ಗುಟ್ಟಿಲ್ಲದ ಗಾಜು. ಒಂದೂವರೆ ಅಡಿ, ಐದು ಮಿಲಿಮೀಟರ್.
ನೂರಾ ಎಂಬತ್ತು ಕೊಟ್ಟು ಸ್ಕೂಟರಿನ ಕಾಲ ಬಳಿ ನಿಲ್ಲಿಸಿಕೊಂಡು
ಬಿಣಗಾ ಘಟ್ಟ ನಿಧಾನ ಇಳಿದೆ.

ಕಾಲನಿಯ ಜಗಲಿಯ ಮೇಲೆ ಬೋರಲು ಮಲಗಿಸಿ,
ಒಳಗೊಂದು ಹಳೆ ಲುಂಗಿ ಮಡಚಿಟ್ಟು,
ಮೇಲಂಚಿನಿಂದ ಮೂರು ಬೆರಳು ಬಿಟ್ಟು ಗುರುತು.
ಸುತ್ತ ಕಣಕದ ಒಡ್ಡು,
ಶೆವಂತಿ ಮಾವಶಿ ಚಪಾತಿಗೆ ನಾದಿಟ್ಟದ್ದರಿಂದ ಕದ್ದದ್ದು.
ಒಡ್ಡಿನೊಳಗೆ ನಾಲ್ಕು ಚಮಚೆಯ ಕೆರೆ.

ಹುಬ್ಬಳ್ಳಿ ಬಸ್ಸಿನಲ್ಲಿ ಬಂದ ವಜ್ರಪುಡಿಯ ಬಳೆ
ಡ್ರಿಲ್ಲಿನ ಬಾಯಿಗೆ ಕಚ್ಚಿಸಿ
ಮೊದಲು ಓರೆ, ಬಿದಿಗೆ ಚಂದ್ರನಷ್ಟು ಗೀರು,
ಆಮೇಲೆ ನೆಟ್ಟಗೆ.
ಒತ್ತಬಾರದು.
ಬೈತಖೋಲದಲ್ಲಿ ಬೋಟಿನ ಫೈಬರಿಗೆ
ಒತ್ತಿ ಒತ್ತಿಯೇ ರೂಢಿಯಾದ ತೋಳು ಇದು,
ಅದಕ್ಕೆ ಹೇಳಬೇಕು: ನೀನು ಇಲ್ಲ ಅಂದುಕೋ.
ನೀರು ಕಾಯಿಹಾಲಾಯಿತು.
ದವಡೆಯ ಬೇರಿಗಿಳಿಯುವ ಸದ್ದಿಗೆ
ಪಕ್ಕದ ಮನೆಯ ನಾಯಿ ಎದ್ದು ಹೋಯಿತು.

ಅರ್ಧ ಇಳಿದಿತ್ತು. ಕರೆಂಟ್ ಹೋಯಿತು.

ಬಳೆ ಗಾಜಿನೊಳಗೆ. ಎತ್ತಲು ಧೈರ್ಯವಿಲ್ಲ.
ಕೈ ಕದಲಿಸದೆ ಕೂತೆ.
ಮಾವಶಿ ಹಿಟ್ಟಿನ ಕೈಯಲ್ಲೇ ಬಂದಳು.
"ಯಾರಿಗೆ ಇಷ್ಟೆಲ್ಲ ಮಾಡ್ತೆ?"

ಹೇಳಿದೆ. ದೊಡ್ಡ ತೊಟ್ಟಿಯಲ್ಲಿ ಸಣ್ಣವಕ್ಕೆ ಉಳಿಗಾಲವಿಲ್ಲ.
ಎಳ್ಳಿನ ಕಾಲುಭಾಗವಿಲ್ಲದ ಜೀವ, ಜಿಗಿದದ್ದೇ ನುಂಗುತ್ತವೆ ಮೀನು.
ಇಲ್ಲಿ ಮಾಜಾಳಿ ಬಂಡೆಯ ಪಾಚಿ ಹಾಕಿ, ದೀಪ ಇಟ್ಟು,
ಮೀನು ಬಿಡದೆ, ಅವಕ್ಕೇ ಅಂತ ಒಂದು ಜಾಗ.
"ಮತ್ತೆ ತೂತು?"
ಪಂಪು ನೀರೇರಿಸುತ್ತದೆ, ಹೆಚ್ಚಾದದ್ದು
ತೂತಿನಿಂದ ದೊಡ್ಡದಕ್ಕೆ ಬೀಳುತ್ತದೆ.
"ಅವೂ ಬೀಳ್ತವಲ್ಲ."
ಕೆಲವು.
"ಮೀನಿನ ಬಾಯಿಗೆ."

ಡ್ರಿಲ್ಲು ಭಾರವಾಗತೊಡಗಿತು.
ಮಾವಶಿ ಅರಗಾದಲ್ಲಿ ಹುಟ್ಟಿದವಳು.
ನೌಕಾನೆಲೆಯ ಗೋಡೆಯಾಚೆ ಅವಳ ಬಾವಿ ಇರಬೇಕು ಇನ್ನೂ.
ಬಸ್ಸಿನ ಕಿಟಕಿಯಲ್ಲಿ ಆ ಗೋಡೆ ಶುರುವಾದರೆ
ಚೀಲದೊಳಗೆ ಏನೋ ಹುಡುಕುತ್ತಾಳೆ,
ಗೋಡೆ ಮುಗಿಯುವವರೆಗೂ ಸಿಗುವುದಿಲ್ಲ.

"ಪರಿಹಾರ ಎಷ್ಟು ಬರೆದೆ ಅವಕ್ಕೆ?"
ಅಂದು ನಕ್ಕಳು. ನಗು ಎಂದೇ ತಿಳಿದೆ.

ಕರೆಂಟ್ ಬಂತು. ಕೊನೆಯ ಕೂದಲೆಳೆಗೆ
ಉಸಿರನ್ನೂ ಅತ್ತ ತಿರುಗಿಸಿ ಬಿಟ್ಟೆ.
ಟಕ್. ಬಿಲ್ಲೆ ಲುಂಗಿಯ ಮೇಲೆ,
ಕಾಯಿಹಾಲೆಲ್ಲ ಅದರ ಹಿಂದೆ.
ಅಂಚಲ್ಲಿ ಅಕ್ಕಿನುಚ್ಚಿನಷ್ಟು ಎರಡು ಚಕ್ಕೆ ಹಾರಿದ್ದವು,
ರಬ್ಬರ್ ವಾಷರ್ ಮುಚ್ಚಿತು.
ಬಿಲ್ಲೆಯನ್ನು ಮಾವಶಿ ಸೆರಗಲ್ಲಿ ಒರೆಸಿ
ಕಣ್ಣಿಗೆ ಹಿಡಿದು ಅಂಗಳ ನೋಡಿದಳು.
ಆಮೇಲೆ ಅದು ಎಲ್ಲಿಟ್ಟಳೋ.

ಈಗ ಇಪ್ಪತ್ತು ದಿನ. ಪಾಚಿ ಗೋಜಲುಗೂದಲಾಗಿ ಬೆಳೆದಿದೆ,
ಟಾರ್ಚು ಬಿಟ್ಟರೆ ಬಿಳಿ ಚುಕ್ಕೆಗಳ ಕುಣಿತ.
ಪಂಪು ಹಗಲೆಲ್ಲ ಗುಂಯ್‌ಗುಡುತ್ತದೆ,
ರಾತ್ರಿ ನೀರು ಕುಡಿಯಲು ಎದ್ದರೆ ನಿಂತಿರುತ್ತದೆ.
ಫ್ಯಾನು ತಿರುಗುತ್ತಲೇ ಇರುತ್ತದೆ.

ನಾನು ಕೇಳಿಲ್ಲ.
ಸ್ವಿಚ್ಚಿನ ಮೇಲೆ ಒಣಗಿದ ಕಣಕ,
ಒಂದು ಬೆರಳಿನಷ್ಟು.