ಟಿಕ್

ಮಗನ ಮದುವೆಯ ಕುಪ್ಯ ಹೊಲಿದ ಕೂಲಿಗೆ ಬದಲು
ಪೆಮ್ಮಯ್ಯನವರು ತಂದಿಟ್ಟು ಹೋದರು ಈ ಪೆಟ್ಟಿಗೆ.
"ಹಾಡಿದರೆ ನಿಂದು. ಹಾಡದಿದ್ದರೂ ನಿಂದೇ ಮಾರಾಯ."
ತಿತಿಮತಿ ಪೇಟೆಯ ದರ್ಜಿ ನಾನು,
ಹೊಲಿದದ್ದನ್ನು ಬಿಚ್ಚಿ ಗೊತ್ತು; ಅಷ್ಟೇ ಧೈರ್ಯದಲ್ಲಿ
ಹಿಂದಿನ ರಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿದೆ.

ಒಳಗೆ ಇಲಿ ಕಡಿದ, ಬಟ್ಟೆ ಸುತ್ತಿದ ವೈರು,
ಮೇಣ ಬೆವರಿದ ಕೆಪಾಸಿಟರುಗಳು,
ಫ್ಯೂಸಿನ ಜಾಗದಲ್ಲಿ ಯಾರೋ ಮಡಚಿಟ್ಟ
ಸಿಗರೇಟು ಪೊಟ್ಟಣದ ಬೆಳ್ಳಿ ಹಾಳೆ.
ಐದು ವಾಲ್ವು, ಐದಕ್ಕೂ ತಲೆಯ ಮೇಲೆ ಮಸಿ.

ಗೋಣಿಕೊಪ್ಪದ ಅಂದ್ರುಕ್ಕನ ಎರಡೂ ಕಣ್ಣಿಗೆ ಈಗ ಪೊರೆ.
ಬೆರಳಲ್ಲೇ ಚಾಸಿಸ್ಸು ತಡವಿ ಹೇಳಿದರು:
"ನೇರ ಕರೆಂಟು ಕೊಡಬೇಡ. ನಡುವೆ ಅರವತ್ತರದೊಂದು ಬಲ್ಬು ಕಟ್ಟು.
ಬಲ್ಬು ಬೆಳಗಿ ಮಂಕಾದರೆ ಜೀವ ಇದೆ,
ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟು.
ಎಡಗೈ ಜೇಬಲ್ಲಿರಲಿ.
ಮುನ್ನೂರು ವೋಲ್ಟು ಒಂದು ಕೈಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ
ನಿನ್ನ ಎದೆ ಸಿಗ್ತದೆ."

ಹಾಗೆ, ಒಂಟಿಗೈ ಬೆಸುಗೆ, ಅಂಗಡಿ ಮುಚ್ಚಿದ ರಾತ್ರಿಗಳಲ್ಲಿ.
ಜೇನುಗೂಡಿನ ಗುಂಯ್ ಫಿಲ್ಟರು ಬದಲಿಸಿದಾಗ ಹೋಯಿತು.
ಗೊಗ್ಗರು ದನಿ, ಮೈಸೂರಿನ ಗುಜರಿಯಲ್ಲಿ ಸಿಕ್ಕ ವಾಲ್ವಿಗೆ ತಿಳಿಯಾಯಿತು.
ಡಯಲಿನ ಮುಳ್ಳು ಎಳೆಯುವ ದಾರ ತುಂಡಾಗಿತ್ತು:
ಅದು ನನ್ನ ಕಸುಬು. ಗುಂಡಿ ಹೊಲಿಯುವ ನೂಲಿಗೆ ಮೇಣ ಉಜ್ಜಿ
ಮೂರು ಸುತ್ತು. ಮುಳ್ಳು ಕೊಲಂಬೊ ದಾಟಿ ಮಾಸ್ಕೊವರೆಗೂ
ತೊದಲದೆ ನಡೆಯಿತು.

ಉಳಿದದ್ದು ಒಂದೇ.
ಟಿಕ್.
ಗೋಡೆ ಗಡಿಯಾರಕ್ಕಿಂತ ತುಸು ಸೋಮಾರಿ,
ವಾರ್ತೆಯ ನಡುವೆ, ತಬಲದ ನಡುವೆ, ಬರೀ ಗಾಳಿಯ ನಡುವೆ
ಟಿಕ್.
ರೆಸಿಸ್ಟರು ಬದಲಿಸಿದೆ. ವಾಲ್ವಿನ ಕಾಲುಗಳನ್ನು
ಪೆಟ್ರೋಲು ಅದ್ದಿದ ಬೆಂಕಿಕಡ್ಡಿಯಲ್ಲಿ ಒರೆಸಿದೆ.
ಸರಿಯಿದ್ದ ಬೆಸುಗೆಗಳನ್ನೂ ಅನುಮಾನಿಸಿ ಕಿತ್ತೆ.
ಮೂರು ವಾರ.
ಕೊನೆಗೊಂದು ರಾತ್ರಿ, ಸಿಟ್ಟಿನಲ್ಲಿ, ಏರಿಯಲ್ಲು ಎಳೆದೆ.
ನಿಂತಿತು.

ಕೋಟು ಸರಿಯಿತ್ತು, ಕನ್ನಡಿ ಓರೆಯಾಗಿತ್ತು!
ಬೆಳಿಗ್ಗೆ ಕೈ ಟ್ರಾನ್ಸಿಸ್ಟರು ಕಿವಿಗಿಟ್ಟು
ರಸ್ತೆಯುದ್ದಕ್ಕೂ ಹುಚ್ಚನಂತೆ ನಡೆದೆ.
ಚೋಂದಮ್ಮನವರ ಶುಂಠಿ ಗದ್ದೆಯ ಮೂಲೆಯಲ್ಲಿ
ಟಿಕ್ಕು ಕೆನ್ನೆಗೆ ಹೊಡೆದ ಹಾಗೆ ಬಂತು.
ಆನೆ ಬೇಲಿ. ಸೋಲಾರು ಡಬ್ಬದ ಮಿಡಿತ
ಲಂಟಾನದ ಹಸಿ ಕುಡಿಗೆ ತಾಗಿ ಕಿಡಿ ಹಾರುತ್ತಿತ್ತು.
"ನನ್ನ ಬೇಲಿ ನಿನ್ನ ರೇಡಿಯೋದಲ್ಲಿ ಹಾಡ್ತದಾ ಟೈಲರೇ?"
ಕತ್ತಿ ತರುತ್ತೇನೆ, ಸವರಿ ಕೊಡುತ್ತೇನೆ ಅಂದೆ.
ನಾಳೆ ಅಂದೆ. ಕಿವಿಗೆ ರೂಢಿಯಾಯಿತು.

ಮೊನ್ನೆ, ಹನ್ನೊಂದೂವರೆ. ಹಸಿರು ಕಣ್ಣು ಕಿರಿದಾಗಿ ನಿಂತಿತ್ತು.
ದೂರದ ಯಾವುದೋ ಊರಿನ ಕೊಳಲು,
ನಾನು ಬಯಸಿದಷ್ಟೇ ಶುದ್ಧ, ಒಂದು ಕಲೆಯಿಲ್ಲ.
ಅಂತೂ, ಅಂದುಕೊಂಡೆ.
ಆಮೇಲೆ ಬೆವರಿದೆ.
ವಾಲ್ವು ತಟ್ಟಿದೆ. ಏರಿಯಲ್ಲು ಮುಟ್ಟಿದೆ. ಎಲ್ಲ ಸರಿ.
ಎಲ್ಲ ಸರಿಯಿದ್ದದ್ದೇ ತಪ್ಪು.
ಫೋನು ಏಳು ಸಲ ರಿಂಗಾಯಿತು.
"ಬೇಲಿ ಸತ್ತಿದೆ, ಹೊರಗೆ ಇಳಿಯಬೇಡಿ" ಅನ್ನುವಷ್ಟರಲ್ಲಿ
ಅವರ ಕಡೆಯಿಂದಲೇ ಕೇಳಿತು:
ಬಿದಿರು ಮುರಿದ ಹಾಗೆ, ಆದರೆ ಬಿದಿರಲ್ಲ.

ಬೆಳಗಾದಾಗ ಬೇಲಿಯ ಮೇಲೊಂದು ಹಾಲುವಾಣ ಮಲಗಿತ್ತು,
ಬೇಕೆಂದೇ ಕೆಡವಿದ್ದು. ಮೂರು ಕಂಬ, ಅರ್ಧ ಶುಂಠಿ ಹೋಯಿತು.
ಹಿತ್ತಲ ಬಚ್ಚಲಿಗೆ ಹೊರಟು ಚಿಲಕ ತೆಗೆಯುವಾಗಲೇ
ಫೋನು ಬಂತಂತೆ. ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ.

ಸಂಜೆ ಅಂಗಡಿಗೆ ಬಂದರು, ರವಿಕೆಯ ಅಳತೆಗೆ ಅಂತ.
ಟೇಪು ಸುತ್ತಿಡುವಾಗ ಪೆಟ್ಟಿಗೆಯನ್ನೇ ನೋಡುತ್ತಾ
"ಇದನ್ನು ರಾತ್ರಿ ಪೂರ್ತಿ ಇಟ್ಟರೆ
ಕರೆಂಟಿಗೆ ಎಷ್ಟಾಗ್ತದೆ?" ಅಂದರು.
ನಲವತ್ತೈದು ವ್ಯಾಟು, ಹತ್ತು ಗಂಟೆ, ಮೂವತ್ತು ದಿನ.
ಸೀಮೆಸುಣ್ಣದಲ್ಲಿ ಅವರ ಬಟ್ಟೆಯ ಅಂಚಿಗೇ ಬರೆದೆ:
ಹದಿಮೂರೂವರೆ ಯೂನಿಟ್ಟು. ವಾಲ್ವಿನ ಸವೆತ ಬೇರೆ.